ಮೂರನೆಯ ಚರಣಕ್ಕೆ ಏಳು ಜನ

ಆಸ್ಥಾನಕವಿಯ ಹಾಡುಗಳನ್ನು ನಕಲು ಬರೆದೇ ಅವನು ಇಪ್ಪತ್ತು ವರ್ಷ ಹೆಂಡತಿಯನ್ನೂ ಅವಳ ತಮ್ಮನನ್ನೂ ಸಾಕಿದ್ದ. ಬರೆಯುವುದರ ಜೊತೆಗೆ ಇನ್ನೊಂದು ಕೆಲಸವಿತ್ತು. ಸಭೆಯಲ್ಲಿ ಕಂಬದ ಪಕ್ಕ ಕೂತು, ಯಾವ ಚರಣಕ್ಕೆ ಯಾರು ‘ಇನ್ನೊಮ್ಮೆ’ ಎಂದು ಕೂಗಿದರೆಂದು ಹೆಸರು ಬರೆದುಕೊಳ್ಳಬೇಕು. ಕವಿಗೆ ಹೊಗಳಿಕೆಯ ಚಟ, ಎಣಿಸಿಕೊಂಡು ಖುಷಿಪಡಲಿ ಬಿಡು ಎಂದುಕೊಂಡಿದ್ದ.

ಈ ಸಲದ ಹಾಡು ದೊರೆಯ ಹೂದೋಟದ ಮೇಲೆ. ಮೂರನೆಯ ಚರಣದಲ್ಲಿ ತೋಟಗಾರ ಊರಿನ ಬಾವಿಗಳನ್ನೆಲ್ಲ ಬತ್ತಿಸಿ ಗುಲಾಬಿಗೆ ನೀರೆರೆಯುತ್ತಾನೆ. ತೋಟಗಾರ ಯಾರು, ಬಾವಿ ಯಾರದು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಜನ ಮುಸಿಮುಸಿ ನಕ್ಕರು. ಅರಮನೆಯ ಅನ್ನ ತಿಂದೂ ನಮ್ಮ ಪರ ಹಾಡುತ್ತಾನಲ್ಲ, ಗಂಡೆದೆ ಎಂದರು. ಏಳು ದನಿ ಎದ್ದವು. ಏಳನೆಯದು ಭಾವಮೈದುನನದು. ನಕಲುಗಾರ ಹೆಮ್ಮೆಯಿಂದಲೇ ಬರೆದುಕೊಂಡ.

ಮರುದಿನ ಪಟ್ಟಿ ಹಿಡಿದು ಕವಿಯ ಮನೆಗೆ ಹೋದರೆ, ಅಲ್ಲಿ ಕೋಟೆಯ ಅಧಿಕಾರಿ ಕೂತಿದ್ದ. ಕವಿ ದ್ರಾಕ್ಷಿ ತಿನ್ನುತ್ತ ಬೀಜವನ್ನು ಅಂಗೈಗೆ ಉಗುಳುತ್ತಿದ್ದ.

“ಹೋದ ಸಲ ಐದೇ ಜನ ಸಿಕ್ಕಿದ್ದು,” ಎಂದ ಅಧಿಕಾರಿ. “ಅದ್ರಲ್ಲಿ ಇಬ್ರು ಸೆರೆಮನೇಲೇ ಸತ್ರು.”

“ಈ ಸಲ ಏಳು. ನಾನೇ ಎಣಿಸಿದೀನಿ,” ಎಂದ ಕವಿ. “ಚರಣಾನ ಸ್ವಲ್ಪ ಖಾರವಾಗೇ ಬರೆದಿದ್ದೆ. ದೊರೆಗಳು ಮೊದಲೇ ಓದಿ ಬಿದ್ದು ಬಿದ್ದು ನಕ್ರು.”

ನಕಲುಗಾರ ಕೈಯಲ್ಲಿದ್ದ ಪಟ್ಟಿಯನ್ನು ಮಡಿಚಿಕೊಂಡ. ಎಂಥ ಗಂಡೆದೆ! ಒಳಗಿನ ಅರ್ಥವೆಲ್ಲ ಇಲಿಬೋನಿಗೆ ಸಿಕ್ಕಿಸಿದ ಕೊಬ್ಬರಿ ಚೂರು. ಇಷ್ಟು ವರ್ಷ ಆ ಚೂರನ್ನು ಊರೂರಿಗೆ ಹಂಚಿದವನು ತಾನು.

“ಪಟ್ಟಿ ಮೇಲೆ ಶಾಯಿ ಚೆಲ್ಲಿದೆ ಸ್ವಾಮಿ. ಬೇರೆ ಬರೆದು ಸಂಜೆಯೊಳಗೆ ತರ್ತೀನಿ,” ಎಂದು ಹೊರಬಿದ್ದ.

ಮನೆಯಲ್ಲಿ ಭಾವಮೈದುನ ಅದೇ ಚರಣ ಗುನುಗುತ್ತಿದ್ದ. “ಏನ್ ಧೈರ್ಯ ಭಾವ, ಆ ಮನುಷ್ಯಂದು!”

ನಕಲುಗಾರ ಹೊಸ ಹಾಳೆ ತೆಗೆದ. ಭಾವಮೈದುನನನ್ನು ಬಿಟ್ಟು ಉಳಿದ ಆರು ಜನರ ಹೆಸರು ಇಳಿಸಿದ. ಓಡಿಹೋಗಿ ಎಂದು ಆ ಆರು ಜನರಿಗೆ ಹೇಳಬಹುದಿತ್ತು, ಹೇಳಲಿಲ್ಲ. ಏಳನೆಯವನೊಬ್ಬ ಬೇಕೇ ಬೇಕು, ಕವಿ ಎಣಿಸಿದ್ದಾನೆ. ಎದುರುಮನೆಯ ಬುಟ್ಟಿ ಹೆಣೆಯುವವನು ನೆನಪಾದ. ಸಭೆಯಲ್ಲಿ ಇವನ ಮಗ್ಗುಲಲ್ಲೇ ಕೂತು, ಹಾಡು ಶುರುವಾಗುವ ಮೊದಲೇ ಬಾಯಿ ತೆರೆದು ನಿದ್ದೆ ಹೊಡೆದಿದ್ದ ಪಾಪದ ಪ್ರಾಣಿ. ಅವನ ಹೆಸರು ಬರೆದ. ಹೇಳುವುದಕ್ಕೇ ನಾಲಿಗೆ ಕಹಿಯಾಗುತ್ತದೆ. ಆ ಸಂಜೆ ಹೊತ್ತಿಗೆ ಸರಿಯಾಗಿ ಪಟ್ಟಿ ತಲುಪಿಸಿ ಬಂದು ಹೊಟ್ಟೆ ತುಂಬ ಊಟವನ್ನೂ ಮಾಡಿದ.

ಎರಡೇ ದಿನದಲ್ಲಿ ಏಳೂ ಜನರನ್ನು ಎಳೆದೊಯ್ದರು. ಮೂರನೆಯ ಬೆಳಿಗ್ಗೆ ಬುಟ್ಟಿಯವನ ಹೆಂಡತಿ ಖಾಲಿ ಹಾಳೆಯೊಂದನ್ನು ಹಿಡಿದು ಬಾಗಿಲಿಗೆ ಬಂದಳು.

“ಅಣ್ಣಾ, ನಂಗೆ ಓದು ಬರಹ ಬರಲ್ಲ. ಒಂದು ಅರ್ಜಿ ಬರ್ಕೊಡು.”

“ಯಾರಿಗೆ ತಂಗೀ?”

“ಇನ್ಯಾರಿಗೆ, ಕವಿಗಳಿಗೆ! ಅರಮನೇಲಿ ನಮ್ಮೋರು ಅಂತ ಇರೋದು ಅವರೊಬ್ರೇ ಅಲ್ವಾ? ನನ್ನ ಗಂಡ ಕೂಗಿಲ್ಲ, ನಿದ್ದೆ ಮಾಡ್ತಿದ್ದ ಅಂತ ಬರಿ. ನೀನು ಪಕ್ಕದಲ್ಲೇ ಇದ್ಯಲ್ಲ, ಸಾಕ್ಷಿಗೆ ನಿನ್ನ ಹೆಸರೇ ಹಾಕಿಬಿಡು.”

ಅವಳು ಹೇಳಿದ್ದನ್ನೆಲ್ಲ ಬರೆದ. ಕೊನೆಯ ಸಾಲಿಗೆ ಬಂದಾಗ ಲೇಖನಿ ಅದ್ದಿದ, ಅವಳ ಮುಖ ನೋಡಿದ. “ಹಾಕ್ದ್ಯಾ ಅಣ್ಣಾ?” ಎಂದು ಕೇಳಿದಳು.

“ಹಾಕ್ದೆ,” ಎಂದ. ಸಾಕ್ಷಿಯ ಜಾಗ ಖಾಲಿ ಬಿಟ್ಟು, ಹಾಳೆ ಮಡಿಚಿ ಅವಳ ಕೈಗಿಟ್ಟ.