ಇಪ್ಪತ್ತು ಪೆನ್ಸಿನ ಕೈಗಂಟೆ

ಥೆಲ್ಮಾ ಗಾರ್ಬಟ್ ಒಂದು ಕಡೆ ನೆಮ್ಮದಿಯಾಗಿ ಕೂತದ್ದನ್ನು ನಾನು ಕಂಡದ್ದು ಕಡಿಮೆ. ಇಪ್ಪತ್ತಾರು ವರ್ಷದಿಂದ ನಮ್ಮಿಬ್ಬರ ಮನೆಗಳಿಗೆ ನಡುವೆ ಒಂದೇ ಗೋಡೆ. ಅದರಲ್ಲಿ ಹತ್ತೊಂಬತ್ತು ವರ್ಷ ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಮುದುಕಿಯ ತಲೆದೆಸೆಯಲ್ಲಿ ಒಂದು ಹಿತ್ತಾಳೆಯ ಕೈಗಂಟೆ. ನೀರು ಬೇಕಾದರೆ ಗಂಟೆ, ದಿಂಬು ಜಾರಿದರೆ ಗಂಟೆ, ಟೀವಿಯಲ್ಲಿ ತನಗೆ ಹಿಡಿಸದವರು ಬಂದರೆ ಗಂಟೆ. ಅದರ ಬೆನ್ನಿಗೇ ಮೆಟ್ಟಿಲ ಮೇಲೆ ಥೆಲ್ಮಾಳ ಚಪ್ಪಲಿಯ ಸಪ್ಪಳ. ಗೋಡೆಯಾಚೆ ಕೂತ ನನಗೆ ಎರಡೂ ಕೇಳಿಸುತ್ತಿದ್ದವು. ಹೋಗಿ ಆ ಗಂಟೆಯನ್ನು ಕಿತ್ತೆಸೆದು ಬರಬೇಕೆಂದು ಎಷ್ಟೋ ಸಲ ಕೈ ತುರಿಸಿದ್ದುಂಟು. ಪಕ್ಕದ ಮನೆಯವಳು ಅಂಥದ್ದನ್ನೆಲ್ಲ ಮಾಡುವ ಹಾಗಿಲ್ಲವಾದ್ದರಿಂದ ರೇಡಿಯೋ ಜೋರು ಮಾಡುತ್ತಿದ್ದೆ.

ಈ ಫೆಬ್ರವರಿಯಲ್ಲಿ ಮುದುಕಿ ತೀರಿಕೊಂಡಳು, ತೊಂಬತ್ತನಾಲ್ಕನೆಯ ವಯಸ್ಸಿಗೆ. ಮನೆ ಪುರಸಭೆಯವರು ಬಾಡಿಗೆಗೆ ಕೊಟ್ಟದ್ದು. ಒಂಟಿ ಹೆಂಗಸಿಗೆ ಅಷ್ಟು ಜಾಗ ಬೇಡವೆಂದು ನಮ್ಮೂರು ಡ್ರಿಫೀಲ್ಡಿನ ಇನ್ನೊಂದು ತುದಿಯಲ್ಲಿ ಒಂದು ಕೋಣೆಯ ಮನೆ ಗೊತ್ತುಮಾಡಿದರು. ಮೇ ಕೊನೆಗೆ ಬೀಗದ ಕೈ ಒಪ್ಪಿಸಬೇಕು. ದಾನಕ್ಕೆ ಬಂದ ಹಳೆ ಸಾಮಾನು ಮಾರುವ ಅಂಗಡಿಯವರು ಬಂದು ಎರಡು ಪೆಟ್ಟಿಗೆ ಒಯ್ದು, ಇನ್ನು ಜಾಗವಿಲ್ಲ ಎಂದುಬಿಟ್ಟರು. ಉಳಿದ ಸಾಮಾನಿನ ನಡುವೆ ಥೆಲ್ಮಾ ದಿನವಿಡೀ ನಿಂತೇ ಇರುತ್ತಿದ್ದಳು. ಅರವತ್ತೆಂಟು ವರ್ಷದ ಹೆಂಗಸು, ಎಂಬತ್ತರವಳ ಹಾಗೆ ಕಾಣುತ್ತಿದ್ದಳು.

"ಡಿಕ್ಕಿ ಸಂತೆಗೆ ಹಾಕೋಣ ಬಾ" ಎಂದೆ ನಾನು. ಭಾನುವಾರ ಬೆಳಗ್ಗೆ ಊರಾಚೆಯ ಹುಲ್ಲುಗಾವಲಿನಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಮನೆಯ ಹಳೆಯದನ್ನೆಲ್ಲ ಮಾರುತ್ತಾರೆ. ಕೊಳ್ಳುವುದಕ್ಕೆ ನಾನು ಬೇಕಾದಷ್ಟು ಸಲ ಹೋಗಿದ್ದೇನೆ, ಮಾರುವುದಕ್ಕೆ ಹೋದವಳಲ್ಲ. ಥೆಲ್ಮಾ ಎರಡಕ್ಕೂ ಹೋದವಳಲ್ಲ. ಅವಳಿಗೆ ಭಾನುವಾರ ಎನ್ನುವುದು ಎಲ್ಲಿತ್ತು?

ಶನಿವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಸಾಮಾನು ಹರಡಿಕೊಂಡು, ಅಂಟುವ ಬಿಳಿ ಚೀಟಿಗಳ ಹಾಳೆ ಹಿಡಿದು ಬೆಲೆ ಹಾಕಲು ಕೂತೆವು. ಕೂತೆವು ಎಂದರೆ ನಾನು ಕೂತೆ.

"ಈ ಕುಕ್ಕರಿಗೆ ಎಷ್ಟು ಹಾಕ್ಲಿ ಹೇಝಲ್?"

"ನಾಲ್ಕು ಪೌಂಡ್ ಹಾಕು. ಅವರು ಎರಡಕ್ಕೆ ಇಳಿಸ್ತಾರೆ."

"ಹಾಗಿದ್ರೆ ಎರಡೇ ಹಾಕ್ತೀನಿ. ಅವರಿಗ್ಯಾಕೆ ಸುಮ್ನೆ ತೊಂದ್ರೆ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬೆಲೆಯಾದರೂ ಹೋಗಲಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅವಳು ಬರೆಯುತ್ತಿದ್ದುದನ್ನು ನೋಡಬೇಕಿತ್ತು. ಟೀ ಪಾತ್ರೆಯ ಮೇಲೆ: "ಬಗ್ಗಿಸುವಾಗ ಸೋರುತ್ತದೆ, ಸ್ವಲ್ಪವೇ." ಚಿತ್ರ ಜೋಡಿಸುವ ಆಟದ ಡಬ್ಬಿಯ ಮೇಲೆ: "ಒಂದು ತುಂಡು ಇಲ್ಲ, ಆಕಾಶದ ಭಾಗದಲ್ಲಿ." ಪಿಂಗಾಣಿ ನಾಯಿಯ ಮೇಲೆ: "ಕಿವಿ ಅಂಟಿಸಿದ್ದು."

"ಏನೇ ಇದು? ಸಾಮಾನು ಮಾರ್ತಿದ್ದೀಯೋ, ಪಾದ್ರಿ ಮುಂದೆ ತಪ್ಪು ಒಪ್ಕೋತಿದ್ದೀಯೋ?"

"ಮನೆಗೆ ಹೋಗಿ ನೋಡಿದ್ಮೇಲೆ ಬೈತಾರಲ್ಲ."

"ಬೈಲಿ ಬಿಡು. ನಿನಗೇನು ಕೇಳ್ಸುತ್ತಾ?"

"ಕೇಳ್ಸಿದಂಗಾಗುತ್ತೆ" ಎಂದಳು.

ಚಿನ್ನದ ಅಂಚಿನ ಕಪ್ಪು-ಬಸಿಗಳನ್ನು ಅವಳು ಒಂದೊಂದಾಗಿ ಒರೆಸಿದಳು. ಅವಳ ತಾಯಿಯ ಮದುವೆಗೆ ಬಂದವು ಅವು, ಅತಿಥಿಗಳಿಗೆಂದು ಎತ್ತಿಟ್ಟವು. ಅತಿಥಿಗಳು ಬಂದದ್ದನ್ನು ನಾನಂತೂ ಕಾಣೆ. ಆ ಮೇಜಿನ ಮೇಲಿದ್ದ ಯಾವ ವಸ್ತುವೂ ಥೆಲ್ಮಾ ತನಗೆಂದು ಕೊಂಡದ್ದಲ್ಲ ಎನ್ನುವುದು ಆಗ ನನಗೆ ಹೊಳೆಯಿತು.

ಗಂಟೆಯ ಸರದಿ ಬಂದಾಗ ಮಾತ್ರ ಅವಳು ನನ್ನನ್ನು ಏನೂ ಕೇಳಲಿಲ್ಲ. ಸರಸರನೆ ಇಪ್ಪತ್ತು ಪೆನ್ಸ್ ಎಂದು ಬರೆದು ಅಂಟಿಸಿದಳು.

"ಹಿತ್ತಾಳೆ ಕಣೇ ಅದು! ಗಟ್ಟಿ ಹಿತ್ತಾಳೆ! ಇಪ್ಪತ್ತು ಪೆನ್ಸಿಗೆ ಇವತ್ತು ಒಂದು ಮಿಠಾಯಿ ಬರಲ್ಲ."

"ಹೋದ್ರೆ ಸಾಕು ನನಗೆ. ಬೇರೆ ಏನು ಉಳಿದ್ರೂ ಪರವಾಗಿಲ್ಲ ಹೇಝಲ್, ಇದೊಂದು ತಿರುಗಿ ಮನೆಗೆ ಬರಬಾರ್ದು."

"ಹಾಗಾದ್ರೆ ಕಸದ ಬುಟ್ಟಿಗೆ ಎಸಿ."

"ಎಸೆಯೋಕೆ ಕೈ ಬರಲ್ಲ. ಅಮ್ಮಂದು. ಯಾರಾದ್ರೂ ಬೇಕು ಅಂತ ತಗೊಂಡು ಹೋಗ್ಲಿ."

ಅವಳು ಟೀ ಮಾಡಲು ಒಲೆಯ ಕಡೆ ತಿರುಗಿದಳು. ನನ್ನ ಹಾಳು ಬುದ್ಧಿ ಸುಮ್ಮನಿರಬೇಕಲ್ಲ? ಹಳೆ ವಸ್ತುಗಳ ಹರಾಜನ್ನು ಟೀವಿಯಲ್ಲಿ ನೋಡಿ ನೋಡಿ ಎಲ್ಲ ಬಲ್ಲೆನೆಂಬ ಜಂಬ ನನಗೆ. ಹತ್ತೊಂಬತ್ತು ವರ್ಷ ಅವಳ ರಕ್ತ ಹೀರಿದ ಗಂಟೆ, ಹೋಗುವಾಗಲಾದರೂ ಅವಳಿಗೆ ನಾಲ್ಕು ಕಾಸು ಕೊಟ್ಟು ಹೋಗಲಿ ಎನಿಸಿತು. ಅವಳ ಚೀಟಿಯನ್ನು ಉಗುರಿನಿಂದ ಕಿತ್ತು, ಹನ್ನೆರಡು ಪೌಂಡ್ ಎಂದು ಬರೆದ ಚೀಟಿಯನ್ನು ಗಂಟೆಯ ಒಳಮೈಗೆ ಅಂಟಿಸಿಟ್ಟೆ.

ಭಾನುವಾರ ಬೆಳಗ್ಗೆ ಆರಕ್ಕೆ ಹುಲ್ಲುಗಾವಲಿನಲ್ಲಿದ್ದೆವು. ಕಾರು ನಿಲ್ಲಿಸಿದ ಕೂಡಲೇ ಡಿಕ್ಕಿ ತೆರೆದದ್ದು ನಾವು ಮಾಡಿದ ಮೊದಲ ತಪ್ಪು. ಎಲ್ಲಿಂದ ಬಂದರೋ, ಹಳೆ ಸಾಮಾನು ವ್ಯಾಪಾರಿಗಳು ಮುತ್ತಿಕೊಂಡು, ಮೇಜು ಬಿಡಿಸುವ ಮೊದಲೇ ಡಿಕ್ಕಿಯೊಳಗೆ ತಲೆ ಹಾಕಿದರು. ಪಕ್ಕದಲ್ಲಿ ಹೂಗಿಡ ಮಾರುತ್ತಿದ್ದ ಕ್ಲಿಫರ್ಡ್ ಎಂಬ ಮುದುಕ, "ಮೊದಲನೇ ಸಲಾನಾ? ಮುಚ್ಚಿ, ಮುಚ್ಚಿ! ಕಾರನ್ನೇ ಹೊತ್ಕೊಂಡು ಹೋಗ್ತಾರೆ!" ಎಂದು ಕೂಗಿದ. ಒಬ್ಬ ನಮ್ಮ ಫ್ಲಾಸ್ಕನ್ನೇ ಎತ್ತಿ ಹಿಡಿದು ಬೆಲೆ ಕೇಳಿದ.

"ಅಯ್ಯೋ, ಅದ್ರಲ್ಲಿ ನಮ್ಮ ಟೀ ಇದೆಯಪ್ಪಾ!" ಎಂದಳು ಥೆಲ್ಮಾ.

"ಟೀ ಬೇಡ, ಫ್ಲಾಸ್ಕ್ ಸಾಕು."

ಆ ಗಲಾಟೆಯಲ್ಲೇ ಚರ್ಮದ ಟೋಪಿಯವನೊಬ್ಬ ಗಂಟೆ ಹಿಡಿದುಕೊಂಡು ನನ್ನ ಹತ್ತಿರ ಬಂದು, "ಆರು ಪೌಂಡಿಗೆ ಕೊಡ್ತೀರಾ?" ಎಂದು ಮೆಲ್ಲಗೆ ಕೇಳಿದ. ಥೆಲ್ಮಾ ಕಾರಿನ ಆಚೆ ಬದಿಯಲ್ಲಿದ್ದಳು. ಕೊಟ್ಟುಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹನ್ನೆರಡೇ ಎಂದೆ. ಅವನು ಮೂತಿ ತಿರುಗಿಸಿ ಇಟ್ಟು ಹೋದ.

ಆಮೇಲೆ ಶುರುವಾಯಿತು ನೋಡಿ. ಕೈಗೆ ಗಂಟೆ ಸಿಕ್ಕಿದರೆ ಅಲ್ಲಾಡಿಸದೆ ಇಡುವ ಮನುಷ್ಯ ಭೂಮಿಯ ಮೇಲಿಲ್ಲ. ಹೋಗುವವರು ಬರುವವರು ಎಲ್ಲರೂ ಎತ್ತುವರು, ಬಾರಿಸುವರು, ಒಳಗಿನ ಚೀಟಿ ನೋಡಿ ಇಡುವರು. ಬಾರಿಸಿದಾಗೆಲ್ಲ ಮಡಿಚುವ ಕುರ್ಚಿಯಿಂದ ಥೆಲ್ಮಾ ಏಳುತ್ತಿದ್ದಳು. ಬೇಕೆಂದು ಏಳುವುದಲ್ಲ, ಕೈ ಮೊಣಕಾಲಿಗೆ ಹೋಗುತ್ತಿತ್ತು, ಬೆನ್ನು ನೆಟ್ಟಗಾಗುತ್ತಿತ್ತು, ಅರ್ಧ ಎದ್ದ ಮೇಲೆ ತಾನು ಎಲ್ಲಿದ್ದೇನೆಂದು ಅವಳಿಗೆ ಗೊತ್ತಾಗುತ್ತಿತ್ತು. ಮತ್ತೆ ಕೂರುತ್ತಿದ್ದಳು. ಮೊದಲ ಎರಡು ಸಲ ನನಗೆ ನಗು ಬಂತು. ಹತ್ತನೆಯ ಸಲಕ್ಕೆ ಅಳು ಬಂದಂತಾಯಿತು.

"ಇಪ್ಪತ್ತು ಪೆನ್ಸಿಗೂ ಯಾರಿಗೂ ಬೇಡ ನೋಡು" ಎಂದಳು, ಕಾಲು ಒತ್ತಿಕೊಳ್ಳುತ್ತಾ.

ಕನ್ನಡಕ ಅವಳ ಚೀಲದಲ್ಲಿತ್ತು, ಚೀಟಿ ಗಂಟೆಯ ಹೊಟ್ಟೆಯೊಳಗಿತ್ತು. ನನಗೋ ಕಳ್ಳಿಗೆ ಚೇಳು ಕುಟುಕಿದ ಹಾಗೆ, ಹೇಳಲಿಕ್ಕೆ ಬಾಯಿ ಬರುತ್ತಿಲ್ಲ. "ಸ್ವಲ್ಪ ಅಡ್ಡಾಡಿ ಬಾರೇ, ಅಲ್ಲಿ ಬಿಸಿ ಬನ್ನು ಮಾರ್ತಿದ್ದಾರೆ" ಎಂದೆ, ಅವಳು ಆಚೆ ಹೋದರೆ ಚೀಟಿ ಕಿತ್ತುಹಾಕೋಣ ಎಂದು. "ನಡೆಯೋಕೆ ತ್ರಾಣ ಇಲ್ಲ ಕಣೇ" ಎಂದು ಅಲ್ಲೇ ಕೂತಳು.

ಹತ್ತು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ನಲವತ್ತೈದು ಇರಬಹುದು. ಸ್ವೆಟರಿನ ಗುಂಡಿಗಳನ್ನು ಒಂದರ ಕಾಜಕ್ಕೆ ಇನ್ನೊಂದನ್ನು ಹಾಕಿಕೊಂಡಿದ್ದಳು, ಕಣ್ಣು ಆಗಾಗ ಫೋನಿನ ಕಡೆಗೆ ಹೋಗುತ್ತಿತ್ತು. ಗಂಟೆ ಎತ್ತಿ ಒಂದೇ ಸಲ, ಮೆತ್ತಗೆ ಬಾರಿಸಿದಳು. ಥೆಲ್ಮಾ ಎದ್ದಳು.

"ಹನ್ನೆರಡು ಪೌಂಡಾ? ಆಯ್ತು, ತಗೋತೀನಿ" ಎಂದು ಆ ಹೆಂಗಸು ಪರ್ಸ್ ತೆರೆದಳು.

"ಹನ್ನೆರಡು ಎಲ್ಲಿ ಬಂತು?" ಥೆಲ್ಮಾ ಗಂಟೆ ತೆಗೆದುಕೊಂಡು, ತಿರುಗಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಯಾರಿಗಮ್ಮ ಇದು?" ಎಂದು ಆ ಹೆಂಗಸನ್ನು ಕೇಳಿದಳು.

"ನಮ್ಮಪ್ಪನಿಗೆ. ಮಹಡಿ ಮೇಲೆ ಮಲಗಿರ್ತಾರೆ. ಕೂಗಿ ಕೂಗಿ ಗಂಟಲು ನೋಯುತ್ತಂತೆ, ಒಂದು ಗಂಟೆ ತಗೊಂಡು ಬಾ ಅಂತ ಅವರೇ ಕಳಿಸಿದ್ರು. ಬೇಗ ಕೊಡಿ, ಪಕ್ಕದ್ಮನೆಯವರನ್ನ ಕೂರಿಸಿ ಬಂದಿದ್ದೀನಿ."

ಥೆಲ್ಮಾ ಗಂಟೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಳು.

"ಇದು ಮಾರೋದಕ್ಕಲ್ಲ."

"ಚೀಟಿ ಅಂಟ್ಸಿದ್ದೀರಲ್ಲ?"

"ಚೀಟಿ ತಪ್ಪು."

"ಹದಿನೈದು ಕೊಡ್ತೀನಿ."

"ಕೊಡಲ್ಲಮ್ಮ. ನಿನಗಂತೂ ಕೊಡಲ್ಲ."

ಹೆಂಗಸಿನ ಮುಖ ಕೆಂಪಾಯಿತು. "ಏನ್ರೀ ಆಗಿದೆ ನಿಮಗೆ? ಬೆಳಗ್ಗೆಯಿಂದ ಇದಕ್ಕೇ ಅಲೀತಿದ್ದೀನಿ" ಎಂದಳು.

"ಎಷ್ಟು ದಿನ ಆಯ್ತು ಅಪ್ಪ ಮಲಗಿ?"

"ಹತ್ತು ತಿಂಗಳು."

"ನಮ್ಮಮ್ಮ ಮಲಗಿದ್ದು ಹತ್ತೊಂಬತ್ತು ವರ್ಷ" ಎಂದಳು ಥೆಲ್ಮಾ. "ಕೂಗ್ಲಿ ಬಿಡು ಅವರು. ಕೂಗಿದ್ರೆ 'ಬಂದೆ, ಸ್ವಲ್ಪ ತಾಳಿ' ಅಂತ ನೀನೂ ಕೂಗಬಹುದು. ಗಂಟೆಗೆ ಏನಂತ ಹೇಳ್ತೀಯ? ಅದಕ್ಕೆ ಎದ್ದು ಹೋಗೋದೊಂದೇ. ಆಮೇಲೆ ಅವರು ಹೋಗಿರ್ತಾರೆ, ನೀನು ಏಳ್ತಾನೇ ಇರ್ತೀಯ."

ಥೆಲ್ಮಾ ಆ ಹೆಂಗಸಿನ ಭುಜ ಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಕೊಟ್ಟಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು, ಹೆಂಗಸು ಏಳಹೋದಳು. "ಕುಡಿದು ಹೋಗು. ಏನೂ ಆಗಲ್ಲ" ಎಂದಳು ಥೆಲ್ಮಾ, ಭುಜದ ಮೇಲಿನ ಕೈ ತೆಗೆಯದೆ. ಹೆಂಗಸು ಫೋನಿಗೆ, "ಬರ್ತೀನಿ ಇರಿ ಅಪ್ಪಾ, ಟೀ ಕುಡೀತಿದ್ದೀನಿ" ಎಂದಳು. ಹಾಗೆಂದವಳೇ ತನ್ನ ಮಾತಿಗೆ ತಾನೇ ಬೆಚ್ಚಿದವಳಂತೆ ನಮ್ಮಿಬ್ಬರನ್ನೂ ನೋಡಿದಳು. ಟೀ ಪೂರ್ತಿ ಕುಡಿದಳು. ಹೊರಡುವಾಗ ಥೆಲ್ಮಾ ಚಿತ್ರ ಜೋಡಿಸುವ ಡಬ್ಬಿಯನ್ನು ಅವಳ ಕಂಕುಳಿಗೆ ತುರುಕಿ, "ದುಡ್ಡು ಬೇಡ. ಆಕಾಶದಲ್ಲಿ ಒಂದು ತುಂಡು ಇಲ್ಲ, ಆಮೇಲೆ ಬೈಕೋಬೇಡ" ಎಂದಳು.

ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

"ಇಪ್ಪತ್ತು ಪೆನ್ಸೇ ಇದ್ದಿದ್ರೆ ಬೆಳಗ್ಗೇನೇ ಯಾರಾದ್ರೂ ಒಯ್ದಿರೋರು, ಅಲ್ವಾ?" ಎಂದಳು ಥೆಲ್ಮಾ.

"ಒಬ್ಬ ಆರು ಪೌಂಡಿಗೆ ಕೇಳಿದ್ದ. ನಾನೇ ಕೊಡಲಿಲ್ಲ. ತಪ್ಪಾಯ್ತು ಕಣೇ."

"ಹೂಂ" ಎಂದಳು. ಅದಕ್ಕಿಂತ ಎರಡು ಏಟು ಹಾಕಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನದ ಹೊತ್ತಿಗೆ ಸಂತೆ ಕರಗಿತು. ಚಿನ್ನದ ಅಂಚಿನ ಕಪ್ಪುಗಳನ್ನು ಕ್ಲಿಫರ್ಡನೇ ಕೊಂಡ, ಸಣ್ಣ ಗಿಡ ಬೆಳೆಸಲು ಚೆನ್ನಾಗಿರುತ್ತವಂತೆ. ಕುಕ್ಕರು ಹೋಯಿತು, ಕಿವಿ ಅಂಟಿಸಿದ ನಾಯಿಯೂ ಹೋಯಿತು. ಗಂಟೆ ಮಾತ್ರ ಥೆಲ್ಮಾಳ ಮಡಿಲಲ್ಲಿ ಕೂತು ನಮ್ಮ ಜೊತೆ ವಾಪಸು ಬಂತು.

ಅವಳ ಮನೆಯ ಮುಂಭಾಗದ ಕೋಣೆಯಲ್ಲಿ ಉಳಿದದ್ದು ಮುದುಕಿಯ ತೋಳುಕುರ್ಚಿ ಒಂದೇ. ಥೆಲ್ಮಾ ಕೋಟು ಕೂಡ ಬಿಚ್ಚದೆ ಹೋಗಿ ಅದರಲ್ಲಿ ಕೂತಳು. ಮಾರದೆ ಉಳಿದ ಪೆಟ್ಟಿಗೆಗಳನ್ನು ನಾನು ಕಾರಿನಿಂದ ಇಳಿಸುತ್ತಿದ್ದೆ. ಎರಡನೆಯದನ್ನು ಹೊತ್ತು ಬಾಗಿಲು ದಾಟುವಾಗ ಗಂಟೆ ಬಾರಿಸಿದ ಸದ್ದು ಕೇಳಿಸಿತು.

ಪೆಟ್ಟಿಗೆ ಅಲ್ಲೇ ಇಟ್ಟು ಓಡಿದೆ. "ಏನಾಯ್ತೇ?"

ಅವಳು ತನ್ನ ಕೈಯನ್ನೇ ನೋಡುತ್ತಿದ್ದಳು. "ಇಷ್ಟು ವರ್ಷದಲ್ಲಿ ನಾನಿದನ್ನ ಒಂದ್ಸಲಾನೂ ಬಾರ್ಸಿರ್ಲಿಲ್ಲ" ಎಂದಳು. ಆಮೇಲೆ, "ಒಂದು ಕಪ್ ಟೀ ಕೊಡ್ತೀಯಾ? ಎರಡು ಚಮಚ ಸಕ್ಕರೆ."

ಅವಳ ಮನೆಯಲ್ಲಿ ಕಪ್ಪುಗಳೇ ಉಳಿದಿರಲಿಲ್ಲ. ನನ್ನ ಮನೆಗೆ ಹೋಗಿ ಟೀ ಮಾಡಿ, ಹಿಡಿದುಕೊಂಡು ಬಂದೆ. ಅಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು, ಬಾಯಿ ಅರೆ ತೆರೆದು, ಕಾಲು ಚಾಚಿ. ಎಬ್ಬಿಸಲು ಮನಸ್ಸಾಗಲಿಲ್ಲ. ಟೀ ಆರಿದರೆ ಆರಲಿ, ಇನ್ನೊಂದು ಮಾಡಿದರಾಯಿತು.

ಕಪ್ಪನ್ನು ಕುರ್ಚಿಯ ಪಕ್ಕ ನೆಲದ ಮೇಲಿಟ್ಟೆ. ಅದರ ಪಕ್ಕದಲ್ಲಿ ನನ್ನ ಪರ್ಸಿನಿಂದ ಇಪ್ಪತ್ತು ಪೆನ್ಸಿನ ಒಂದು ನಾಣ್ಯ ತೆಗೆದಿಟ್ಟೆ. ಅವಳು ಹಾಕಿದ ಬೆಲೆ ಅದೇ ತಾನೆ. ಆಮೇಲೆ ಅವಳ ಮಡಿಲಲ್ಲಿ ವಾಲಿದ್ದ ಗಂಟೆಯೊಳಗೆ ಎರಡು ಬೆರಳು ಹಾಕಿ, ಅದರ ನಾಲಗೆಯನ್ನು ಬಿಗಿಯಾಗಿ ಹಿಡಿದು, ಸದ್ದಾಗದಂತೆ ಎತ್ತಿಕೊಂಡು ಹೊರಗೆ ಬಂದೆ.