ಕುಸುಬಿ ಎಣ್ಣೆ ಕುಡಿದ ರೈಫಲ್

ಸಿರಸಂಗಿಯ ಸಾವಿತ್ರೆವ್ವ ಕೌದಿಯಲ್ಲಿ ಸುತ್ತಿದ ಉದ್ದನೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬೈಲಹೊಂಗಲದ ಅಂಗಡಿಯಲ್ಲಿ ಕುಳಿತಾಗ, ಅದರೊಳಗೆ ಏನಿದೆ ಎಂದು ಗೌಸಸಾಬ ಕೇಳಬೇಕಾಗಲಿಲ್ಲ. ನಲವತ್ತು ವರ್ಷ ಬಂದೂಕು ಬಿಚ್ಚಿ ಜೋಡಿಸಿದ ಮನುಷ್ಯ ಆತ. ಕೌದಿ ಎಲ್ಲಿ ಉಬ್ಬಿದೆ, ಎಲ್ಲಿ ತೆಳ್ಳಗಾಗಿದೆ ಎಂದು ನೋಡಿದ್ದೇ ಸಾಕಾಯಿತು. ಅದು ಆಕೆಯ ಗಂಡ ಮಹಾಂತಪ್ಪನ ಟೂ-ಟೂ ರೈಫಲ್. ಸಣ್ಣ ಕಾಡತೂಸಿನದು, ಮಹಾಂತಪ್ಪನ ತಂದೆಯ ಕಾಲದ್ದು.

"ಬಿಚ್ಚಿ ಸ್ವಚ್ಛ ಮಾಡಿ ಕೊಡ್ರಿ ಉಸ್ತಾದ್ರ," ಎಂದಳು ಸಾವಿತ್ರೆವ್ವ. "ಇವತ್ತ ಸಂಜಿಯೊಳಗ ಠಾಣೇಕ ಒಪ್ಪಸಬೇಕಂತ. ಇಲೆಕ್ಷನ್ ಬಂತಲ್ಲ."

ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡುವುದು ಹೊಸ ಸಂಗತಿಯಲ್ಲ. ಆದರೆ ಮಹಾಂತಪ್ಪ ತೀರಿ ಒಂದೂವರೆ ವರ್ಷವಾಗಿತ್ತು. ರೈಫಲ್ ಅಟ್ಟದ ಮೇಲೆಯೇ ಉಳಿದಿತ್ತು, ಲೈಸೆನ್ಸ್ ಯಾರ ಹೆಸರಿಗೂ ಬದಲಾಗಿರಲಿಲ್ಲ. ಮೊನ್ನೆ ಬಂದ ಪೊಲೀಸ, ಸತ್ತವರ ಬಂದೂಕು ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು, ತುಂಬಿದ್ದು ಸಿಕ್ಕರಂತೂ ಕೇಸು ಎಂದು ಹೇಳಿಹೋಗಿದ್ದ. ನಿನ್ನೆ ರಾತ್ರಿ ಮಗ ಕಲ್ಮೇಶ ಕಾಡತೂಸು ತುಂಬುವ ಬೋಲ್ಟ್ ಎಳೆಯಲು ನೋಡಿದ. ಬರಲಿಲ್ಲ. ಬೆಳಗಾದ ಮೇಲೆ ಸುತ್ತಿಗೆ ತಗೊಂಡು ಬಡಿದು ತೆಗೆಯುತ್ತೇನೆ ಎಂದ. ಅದಕ್ಕೇ ಸಾವಿತ್ರೆವ್ವ ಅವನು ಏಳುವ ಮೊದಲೇ ಬೆಳಗಿನ ಬಸ್ಸು ಹಿಡಿದಿದ್ದಳು.

"ಬಸ್ಸಿನ್ಯಾಗ ಹೆಂಗ ತಂದ್ರಿ ವೈನಿ?"

"ಮುನವಳ್ಳಿ ತನಕ ಸೀಟ ಸಿಗಲಿಲ್ಲ. ನೆಲಕ್ಕ ಊರಿ, ಮ್ಯಾಲಿನ ತುದಿಗೆ ಗದ್ದಾ ಆನಿಸಿ ನಿಂತಿದ್ದೆ. ಏನದು ಅಜ್ಜಿ ಅಂದಾ ಕಂಡಕ್ಟರ. ಕೂರಿಗಿ ಕೋಲು ಅಂದೆ. ನಿನಗ ಫ್ರೀ ಐತಿ, ಕೋಲಿಗೆ ಟಿಕೇಟ್ ತಗಿ ಅಂದಾ ಭಾಡ್ಯಾ."

ಒಳಬಾಗಿಲಲ್ಲಿ ನಿಂತಿದ್ದ ಗೌಸಸಾಬನ ಹೆಂಡತಿ ಮದರಬಿ ನಕ್ಕಳು. ಗೌಸಸಾಬ ನಗಲಿಲ್ಲ. ಕೌದಿ ಸರಿಸಿ, ರೈಫಲ್‌ನ ಬಾಯಿಯನ್ನು ಖಾಲಿ ಗೋಡೆಯ ಕಡೆ ತಿರುಗಿಸಿ, ಕೆಲಸದ ಹಲಗೆಯ ಮೇಲೆ ಮಲಗಿಸಿದ. ಬೋಲ್ಟಿನ ಸುತ್ತ ಜೇನಿನ ಬಣ್ಣದ ಪದರ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದ. ಬಿಡಲಿಲ್ಲ. ಬಗ್ಗಿ ಮೂಸಿದ. ಅಡುಗೆಮನೆಯ ಹಳೆಯ ಬಾಣಲೆಯ ವಾಸನೆ.

"ಎಣ್ಣಿ ಯಾವುದು ಹಾಕತಿದ್ರಿ?"

"ನೀವ ಹೇಳಿದ್ದ ಎಣ್ಣಿ."

"ನಾ ಯಾವ ಎಣ್ಣಿ ಹೇಳಿದ್ದೆ?"

"ಎಣ್ಣಿ ಅಂದ್ರಿ. ವರ್ಷಕ್ಕೊಮ್ಮಿ ದಸರಾದ ಖಂಡೆಪೂಜಿ ದಿನಾ ಎಣ್ಣಿ ಹಾಕ್ರಿ, ಅಷ್ಟ ಸಾಕು, ನಾ ಬರೂದ ಬ್ಯಾಡ ಅಂತ ಅವರಿಗೆ ಫೋನಿನ್ಯಾಗ ಹೇಳಿದ್ರಲ್ಲ. ದೇವರ ಮುಂದ ಇಡೂದು, ಅಂಗಡಿ ಎಣ್ಣಿ ಬ್ಯಾಡ ಅಂತ ನಮ್ಮ ಹೊಲದ ಕುಸುಬಿ ಎಣ್ಣಿ ಹಾಕೇನಿ. ಗಾಣದಾಗ ತಗಸಿದ್ದು. ಕಡಿಮಿ ಮಾಡಿಲ್ಲ ಮತ್ತ, ವರ್ಷಕ್ಕ ಒಂದ ವಾಟಗಾ ತುಂಬ."

ಹೇಳುವಾಗ ಆಕೆಯ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ಗೌಸಸಾಬ ಕಣ್ಣು ಮುಚ್ಚಿಕೊಂಡ.

ಎಣ್ಣೆ ಎಂದರೆ ಆತನ ಮಟ್ಟಿಗೆ ಒಂದೇ. ಹೊಲಿಗೆ ಯಂತ್ರಕ್ಕೂ ಬಂದೂಕಿಗೂ ಬಿಡುವ ನೀರಿನಂಥ ತೆಳು ಎಣ್ಣೆ. ಸಿರಸಂಗಿಯ ಅಡುಗೆಮನೆಯಲ್ಲೂ ಎಣ್ಣೆ ಎಂದರೆ ಒಂದೇ. ಕುಸುಬಿ. ರೊಟ್ಟಿಯ ಮೇಲಿನ ಚಟ್ನಿಪುಡಿಗೆ ಹಾಕಿಕೊಳ್ಳುವುದು ಅದು, ದೀಪಕ್ಕೆ ಹಾಕುವುದು ಅದು, ಮಗುವಿನ ನೆತ್ತಿಗೆ ತಟ್ಟುವುದೂ ಅದು. ಆದರೆ ಕುಸುಬಿ ಎಣ್ಣೆ ಕಬ್ಬಿಣದ ಮೇಲೆ ನಿಂತರೆ ಒಣಗುತ್ತದೆ, ಒಣಗಿ ಅರಗಾಗುತ್ತದೆ. ಇದು ಗೌಸಸಾಬನಿಗೆ ಗೊತ್ತಿತ್ತು. ಯಾವ ಎಣ್ಣೆ ಎಂದು ಒಂದು ಮಾತು ಹೆಚ್ಚಿಗೆ ಹೇಳಿರಲಿಲ್ಲ, ಅಷ್ಟೇ.

ಹೇಳುವ ಅಗತ್ಯವೇ ಹಿಂದೆ ಬಿದ್ದಿರಲಿಲ್ಲ. ದಸರೆಗೆ ಹದಿನೈದು ದಿನ ಇರುವಾಗ ತಾನೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಮೊದಲು ಕಿತ್ತೂರು, ಆಮೇಲೆ ಸವದತ್ತಿ, ಕೊನೆಗೆ ರಾಮದುರ್ಗದ ಸಾಲಹಳ್ಳಿ. ಒಂದೊಂದು ಮನೆಯ ಪಡಸಾಲೆಯಲ್ಲೂ ಗೋಣಿತಟ್ಟು ಹಾಸಿ, ಬಂದೂಕು ಬಿಚ್ಚಿ, ಒರೆಸಿ, ಖಂಡೆಪೂಜೆಗೆ ಕೂಡಿಸಿ ಕೊಡುತ್ತಿದ್ದ. ಮಹಾಂತಪ್ಪನ ಮನೆಯಲ್ಲಿ ಎರಡು ದಿನ ವಸ್ತಿ. ತಾನು ಹೊಲದಲ್ಲಿದ್ದರೂ ಮಹಾಂತಪ್ಪ ಉಸ್ತಾದ ಬಂದ ಸುದ್ದಿ ಕೇಳಿ ಓಡಿ ಬರುತ್ತಿದ್ದ. ಎದುರು ಕೂತು, ಒಂದೊಂದು ತುಣುಕು ಹೊರಬಂದಾಗಲೂ ಇದೇನು, ಇದೇನು ಎಂದು ಕೇಳುತ್ತಿದ್ದ. ಹೋದ ವರ್ಷ ಕೇಳಿದ್ದನ್ನೇ ಈ ವರ್ಷವೂ.

ಎಂಟು ವರ್ಷದ ಹಿಂದೆ ಗೌಸಸಾಬನ ಬಲಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಆ ವರ್ಷ ದಸರೆಗೆ ಎಲ್ಲಿಗೂ ಹೋಗಲಿಲ್ಲ. ಫೋನಿನಲ್ಲೇ ಎಲ್ಲರಿಗೂ ಎಣ್ಣೆಯ ಮಾತು ಹೇಳಿ ಮುಗಿಸಿದ. ರಿಪೇರಿ ಲೈಸೆನ್ಸ್ ಮುಂದುವರಿಸಲು ಡಾಕ್ಟರರ ಸರ್ಟಿಫಿಕೇಟ್ ಬೇಕಿತ್ತು, ಡಾಕ್ಟರರು ಕೈ ನೋಡುತ್ತಾರೆ. ಆ ಲೈಸೆನ್ಸೂ ಹೋದ ವರ್ಷ ತೀರಿತು. ಈಗ ಹೊಲಿಗೆ ಯಂತ್ರದ ರಿಪೇರಿ ಕೆಲಸ, ಅದರಲ್ಲೂ ದಾರ ಪೋಣಿಸುವುದು ಮದರಬಿಯದು. ಊರಿಗೆ ಇದು ಗೊತ್ತಿಲ್ಲ. ಚೆಲ್ಲದಿರಲೆಂದು ಗಂಡನ ಚಹಾದ ಕಪ್ಪನ್ನು ಆಕೆ ಯಾವಾಗಲೂ ಅರ್ಧಕ್ಕೇ ತುಂಬಿ ಕೊಡುತ್ತಾಳೆ, ನೋಡಿದವರು ಸಾಬರ ಮನೆಯ ಜಿಪುಣತನ ಎಂದುಕೊಳ್ಳುತ್ತಾರೆ.

ಒಂದು ತೆಳು ಬಿದಿರುಕಡ್ಡಿ ತೆಗೆದು ಗೌಸಸಾಬ ಪಕ್ಕಕ್ಕೆ ನಿಂತು ಬಾಯಿಯಿಂದ ನಳಿಗೆಯೊಳಗೆ ಇಳಿಸಿದ. ಎಲ್ಲಿ ನಿಂತಿತೋ ಅಲ್ಲಿಗೆ ಉಗುರೊತ್ತಿ, ಹೊರಗೆ ತೆಗೆದು, ರೈಫಲ್‌ನ ಮೇಲೆಯೇ ಇಟ್ಟು ಅಳೆದ. ಕಡ್ಡಿ ಬೋಲ್ಟಿನ ತನಕ ಹೋಗಿರಲಿಲ್ಲ. ಒಂದು ಬೆರಳಿನಷ್ಟು ಮೊದಲೇ ನಿಂತಿತ್ತು. ಇನ್ನೊಮ್ಮೆ ಅಳೆದ. ಅಷ್ಟೇ.

"ವೈನಿ, ಕಡೀಕ ಇದನ್ನ ಯಾವಾಗ ಹಾರಿಸಿದ್ರು?"

"ಹಾರಲೇ ಇಲ್ಲಂತ. ಗೋವಿನಜ್ವಾಳಕ್ಕ ಹಂದಿ ಬಿದ್ದಿದ್ವು. ಹೆದರಸಾಕ ಅಂತ ಒಯ್ದಿದ್ರು. ಬೆರಳ ಹಾಕಿ ಕುದುರಿ ಎಳದ್ರ ಸಪ್ಪಳನ ಆಗಲಿಲ್ಲಂತ. ಬೈಕೋತ ಬಂದ ಅಟ್ಟಕ್ಕ ಇಟ್ರು. ಉಸ್ತಾದಗ ಫೋನ್ ಮಾಡತೇನಿ ಅಂದಿದ್ರು. ಮುಂದ ತಿಂಗಳಕ್ಕ ಅವರೂ ಇಲ್ಲ. ಮಾಡಿದ್ರೇನ ಫೋನು?"

ಎರಡು ಸಲ ಬಂದಿತ್ತು. ಹೆಸರು ನೋಡಿ, ಬಾ ಎಂದು ಕರೆಯುತ್ತಾನೆ ಎಂದು ಹೆದರಿ, ಗೌಸಸಾಬ ಎತ್ತಿರಲಿಲ್ಲ.

"ಇಲ್ಲ," ಎಂದ.

ಈಗ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ತಿಳಿಯಿತು. ಮಹಾಂತಪ್ಪ ಕುದುರೆ ಎಳೆದಾಗ ಕಾಡತೂಸಿಗೆ ಬಡಿಯುವ ಒಳಗಿನ ಸೂಜಿ ಹೊರಟಿದೆ. ಅರಗಾದ ಎಣ್ಣೆ ಅದನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸಿದೆ. ಅದರ ಬೆನ್ನಿಗೆ ಸ್ಪ್ರಿಂಗ್ ಇಂದಿಗೂ ಒತ್ತಿಕೊಂಡೇ ಇದೆ. ಮುಂದೆ ಕಾಡತೂಸು ಇದೆ. ದೊಡ್ಡ ಕಾಡತೂಸಿನಲ್ಲಿ ಕಿಡಿ ಹತ್ತುವ ಜಾಗ ನಡುವೆ ಒಂದೇ. ಈ ಸಣ್ಣದರಲ್ಲಿ ಅಂಚಿನ ಸುತ್ತಲೂ ಮದ್ದು. ಅಂಚು ಎಲ್ಲಿ ಜಜ್ಜಿದರೂ ಹಾರುತ್ತದೆ. ಬಸ್ಸು ಕುಣಿದ ಒಂದೊಂದು ಕುಣಿತಕ್ಕೂ ಈ ಹೆಂಗಸಿನ ಗದ್ದದ ಕೆಳಗೆ ಅದು ಹಾರಬಹುದಿತ್ತು.

ಬೇರೆ ಬಂದೂಕಾಗಿದ್ದರೆ ಸೀಮೆಎಣ್ಣೆ ಬಿಟ್ಟು ನೆನೆಸುತ್ತಿದ್ದ. ಇಲ್ಲಿ ಅರಗು ಕರಗಿದರೆ ಸೂಜಿಯೂ ಬಿಡುಗಡೆಯಾಗುತ್ತದೆ. ಉಸುಕಿನೊಳಗೆ ಮೂತಿ ಹುಗಿದು ಹಾರಲಿ ಎಂದು ಬಿಡಲೂ ಆಗದು. ನಳಿಗೆಯೊಳಗೂ ಬಟ್ಟಲುಗಟ್ಟಲೆ ಎಣ್ಣೆ ಒಣಗಿದೆ, ಗುಂಡು ಸಿಕ್ಕಿ ನಳಿಗೆ ಸೀಳಿದರೆ ಹಿತ್ತಿಲ ಆಚೆ ಮನೆಗಳಿವೆ. ಉಳಿದದ್ದು ಒಂದೇ ದಾರಿ. ಹಿಂದಿನಿಂದ ಬಿಚ್ಚಬೇಕು. ಸೂಜಿ ಅಲುಗದಂತೆ, ಸ್ಪ್ರಿಂಗಿನ ಒತ್ತಡವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸಡಿಲಿಸುತ್ತ. ಈ ನಾಲ್ಕು ತಾಲೂಕಿನಲ್ಲಿ ಅದನ್ನು ಮಾಡಬಲ್ಲ ಕೈ ಒಂದೇ ಇತ್ತು. ಆ ಕೈ ಈಗ ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಒಳಗ ತುಂಬಿದ್ದ ಐತಿ," ಎಂದ.

ಸಾವಿತ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಹಂಗಾರ ನೀವ ತಗೀಬೇಕು," ಎಂದಳು. "ಠಾಣೇಕ ಹಂಗ ಒಯ್ದ್ರ ಕಲ್ಮೇಶನ ಮ್ಯಾಲ ಕೇಸ ಮಾಡತಾರ. ಮನೀಗೆ ಒಯ್ದ್ರ ಅಂವಾ ಸುತ್ತಗಿ ತಗೋತಾನ. ನೀವ ಹೇಳ್ರಿ, ನಾ ಎಲ್ಲಿಗೆ ಒಯ್ಯಲಿ?"

"ಬ್ಯಾಡ," ಎಂದಳು ಮದರಬಿ ಬಾಗಿಲಿನಿಂದ. ಗಂಡನಿಗೆ ಹೇಳಿದಳೋ ಸಾವಿತ್ರೆವ್ವನಿಗೋ ತಿಳಿಯದಂತೆ.

"ನೀವಿಬ್ರೂ ಹೊರಗ ಹೋಗ್ರಿ," ಎಂದ ಗೌಸಸಾಬ.

ಇಬ್ಬರೂ ಹೋಗಲಿಲ್ಲ.

ಆತ ರೈಫಲನ್ನು ಹಲಗೆಗೆ ಬಿಗಿದ ಮರದ ಇಕ್ಕಳದಲ್ಲಿ ಕೂಡಿಸಿದ. ಮೊಣಕೈಯನ್ನು ಪಕ್ಕೆಗೆ ಬಿಗಿದು ಉಸಿರು ಹಿಡಿದರೆ ಹತ್ತು ಎಣಿಸುವವರೆಗೆ ನಡುಕ ನಿಲ್ಲುತ್ತದೆ. ಇದನ್ನು ಆತ ಎಂಟು ವರ್ಷದಲ್ಲಿ ಕಲಿತಿದ್ದ. ಬಿಸ್ಮಿಲ್ಲಾ ಎಂದ. ಉಸಿರು ಹಿಡಿದು ತಿರುಪುಳಿಯನ್ನು ಮೊದಲ ಸ್ಕ್ರೂವಿನ ಗೀರಿನಲ್ಲಿ ಇಟ್ಟು ತಿರುಗಿಸಿದ. ಏಳು, ಎಂಟು. ಸ್ಕ್ರೂ ಅರ್ಧ ಸುತ್ತು ಬಂತು. ಒಂಬತ್ತು. ತಿರುಪುಳಿಯ ತುದಿ ಕಬ್ಬಿಣಕ್ಕೆ ಟಿಕ್ ಟಿಕ್ ಎಂದು ಬಡಿಯತೊಡಗಿತು. ಸಣ್ಣ ಸಪ್ಪಳ, ಗಡಿಯಾರದಂಥದ್ದು. ನಿಲ್ಲಿಸಲು ಎಡಗೈಯಿಂದ ಬಲಗೈಯನ್ನು ಹಿಡಿದ. ನಿಲ್ಲಲಿಲ್ಲ. ಆಗ ರೈಫಲ್‌ನ ಹೊಟ್ಟೆಯೊಳಗೆ ಎಲ್ಲೋ ಏನೋ ಚಿಟ್ ಎಂದಿತು.

ಒಣಗಿದ ಎಣ್ಣೆಯ ಒಂದು ಚೂರು ಬಿರುಕು ಬಿಟ್ಟಿರಬೇಕು. ಸೂಜಿ ಎಷ್ಟು ಮುಂದೆ ಸರಿಯಿತೋ ದೇವರೇ ಬಲ್ಲ. ಗೌಸಸಾಬ ತಿರುಪುಳಿಯನ್ನು ಹೂವಿನಂತೆ ಎತ್ತಿ ಪಕ್ಕಕ್ಕೆ ಇಟ್ಟ. ತನ್ನ ಜೀವದ ಮೇಲೆ ಆಸೆಯಿಂದಲ್ಲ. ಅದೊಂದೇ ಆಗಿದ್ದರೆ ಬಿಚ್ಚಿಯೇ ಬಿಡುತ್ತಿದ್ದ. ಹೊರಗೆ ಹೋಗಿರಿ ಎಂದರೂ ಹೋಗದೆ, ಉಸ್ತಾದನ ಕೈಯ ಮೇಲೆ ನಂಬಿಕೆಯಿಟ್ಟು ಮೂರು ಮಾರು ದೂರದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಆ ನಂಬಿಕೆಯೇ ಸುಳ್ಳಿನ ಮೇಲೆ ನಿಂತದ್ದು.

"ವೈನಿ, ನನ್ನ ಕೈಲೆ ಆಗೂದಿಲ್ಲ."

"ಆಗೂದಿಲ್ಲ ಅಂದ್ರ? ಇಂಥವು ಸಾವಿರ ಬಿಚ್ಚೀರಿ ನೀವು."

ಗೌಸಸಾಬ ಬಲಗೈಯನ್ನು ಆಕೆಯ ಮುಂದೆ ಗಾಳಿಯಲ್ಲಿ ಚಾಚಿದ. ಹಿಡಿಯಲಿಲ್ಲ, ಅಡಗಿಸಲಿಲ್ಲ. ಕೈ ತನ್ನ ಪಾಡಿಗೆ ತಾನು ಕುಣಿಯಿತು. ಮದರಬಿ ಮುಖ ತಿರುಗಿಸಿದಳು.

"ಇದು ಯಾವಾಗಿಂದ?"

"ಎಂಟ ವರ್ಷ."

ಸಾವಿತ್ರೆವ್ವ ಬೆರಳು ಮಡಿಚಿ ದಸರೆಗಳ ಲೆಕ್ಕ ಹಾಕಿದಳು. "ಅದಕ್ಕ ಬರಲಿಲ್ಲ ನೀವು," ಎಂದಳು ಕೊನೆಗೆ. "ನಾವು ಏನ ತಪ್ಪ ಮಾಡೇವಿ ಅಂತ ಅವರು ಸಾಯೂತನಕ ಕೇಳಿದ್ರು. ಊಟಕ್ಕ ಏನರ ಕಡಿಮಿ ಮಾಡಿದ್ಯಾ ನೀನು ಅಂತ ನನಗ ಬೈತಿದ್ರು. ಪ್ರತಿ ದಸರಾಕ್ಕೂ."

"ಫೋನೂ ಬಂದಿತ್ತು. ನಾನ ಎತ್ತಲಿಲ್ಲ."

ಆಕೆ ಕೌದಿಯನ್ನು ಮಡಿಚತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಗೌಸಸಾಬನಿಗೆ. ಹಲಗೆಯ ಮೇಲಿನ ರೈಫಲನ್ನೇ ನೋಡುತ್ತ ಆಕೆ, "ನಾ ಒಳ್ಳೇ ಎಣ್ಣಿನ ಹಾಕಿದ್ದೆ," ಎಂದಳು, ಅಷ್ಟೇ.

ರೈಫಲನ್ನು ಇಕ್ಕಳದಲ್ಲೇ ಬಿಟ್ಟು, ಹಿತ್ತಿಲಲ್ಲಿದ್ದ ಉಸುಕನ್ನು ಮದರಬಿ ಬುಟ್ಟಿಯಲ್ಲಿ ತಂದು ತಂದು ಮೂತಿಯ ಎದುರಿನ ಗೋಡೆಗೆ ಒಡ್ಡಿದಳು. ಇಬ್ಬರನ್ನೂ ಅಂಗಡಿಯ ಹೊರಗೆ ಕಟ್ಟೆಯ ಮೇಲೆ ಕೂಡಿಸಿ, ಗೌಸಸಾಬ ಚಪ್ಪಲಿ ಮೆಟ್ಟಿ ಠಾಣೆಗೆ ನಡೆದ. ಅಲ್ಲಿ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿದ. ಬಂದೂಕು ಸತ್ತವರದು, ಹೆಂಗಸು ಒಪ್ಪಿಸಲೆಂದೇ ತಂದಳು, ಮಗನಿಗೆ ಏನೂ ಗೊತ್ತಿಲ್ಲ. ಲೈಸೆನ್ಸ್ ತೀರಿದ ಮೇಲೂ ತಿರುಪುಳಿ ಹಾಕಿದವನು ನಾನು. ತಪ್ಪು ಬರೆಯುವುದಿದ್ದರೆ ನನ್ನ ಹೆಸರಿಗೆ ಬರೆಯಿರಿ.

ಮಧ್ಯಾಹ್ನ ಒಬ್ಬ ಹವಾಲ್ದಾರ ಬಂದು ಬೀದಿಗೆ ಹಗ್ಗ ಕಟ್ಟಿಸಿದ. ಬೆಳಗಾವಿಯಿಂದ ಬಂದೂಕು ಬಿಚ್ಚುವವರು ಬರುವವರೆಗೆ ಯಾರೂ ಒಳಗೆ ಹೋಗಕೂಡದು ಎಂದ. ಕೇಸಿನ ವಿಷಯ ಸಾಹೇಬರಿಗೆ ಬಿಟ್ಟದ್ದು ಎಂದ. ಕಟ್ಟೆಯ ಮೇಲೆಯೇ ಕೂತು, ಕಾಗದ ತೊಡೆಯ ಮೇಲಿಟ್ಟುಕೊಂಡು ಹೇಳಿಕೆ ಬರೆಯತೊಡಗಿದ. ಹೆಸರು, ತಂದೆಯ ಹೆಸರು, ವಯಸ್ಸು.

"ಉದ್ಯೋಗ?"

ಗೌಸಸಾಬ ಹಗ್ಗದ ಕಡೆ ನೋಡಿದ. ಬೀದಿಯವರೆಲ್ಲ ಹಗ್ಗದಾಚೆ ಕೂಡಿದ್ದರು, ಅವನ ಬಾಯನ್ನೇ ನೋಡುತ್ತಿದ್ದರು.

"ಬಂದೂಕಿನ ಉಸ್ತಾದ ಅಂತ ಬರೀರಿ," ಎಂದಳು ಸಾವಿತ್ರೆವ್ವ.

"ಬ್ಯಾಡ ವೈನಿ. ಆಗಿದ್ದೆ ಅಂತ ಬರೀರಿ ಸಾಹೇಬ್ರ. ಮೊದಲ."

"ಆಗಿದ್ದೆ ಅನ್ನೂ ಕಾಲಂ ಇಲ್ಲಲ್ರಿ ಮುದುಕಪ್ಪಾ. ಈಗ ಏನದೀರಿ ಅದನ್ನ ಹೇಳ್ರಿ."

ಮುಚ್ಚಿದ ಬಾಗಿಲಿನ ಆಚೆ ರೈಫಲ್ ಸದ್ದಿಲ್ಲದೆ ಕಾಯುತ್ತಿತ್ತು. ಹವಾಲ್ದಾರ ಆತನ ಕೈ ನೋಡಿದ, ಸಹಿ ಆಗದೆಂದು ಗೊತ್ತಾಯಿತು. ಉದ್ಯೋಗದ ಜಾಗವನ್ನು ಹಾಗೇ ಖಾಲಿ ಬಿಟ್ಟು, ಇಂಕಿನ ಡಬ್ಬಿ ತೆರೆದು, ಹೆಬ್ಬೆಟ್ಟು ಒತ್ತಿಸಲು ಗೌಸಸಾಬನ ಕೈ ಹಿಡಿದ. ಗುರುತು ಕದಡಿ ಮೂಡಿತು. ಹವಾಲ್ದಾರ ಇನ್ನೊಂದು ಕಾಗದ ತೆಗೆದ.