ಗುಂಡ್ಯಾನ ಕಾಲು, ದೀಪಾಳ ಜಡೆ

ಗುರುವಾರ ಮಧ್ಯಾಹ್ನ ಪಕ್ಕದ ಮನೆಯ ಸುಮಿತ್ರಾ ಕಾಕು ನಮ್ಮ ಮನೆಗೆ ಬಂದಾಗ ಅವರ ಒಂದು ಕೈಯಲ್ಲಿ ಕೊತ್ತಂಬರಿ ಸೂಡು ಇತ್ತು. ಇನ್ನೊಂದು ಕೈಯಲ್ಲಿ ಖಾಲಿ ಬಟ್ಟಲು.

ಕೊತ್ತಂಬರಿ ಯಾಕೆ ಅಂತ ಗೊತ್ತಿತ್ತು. ನಮ್ಮ ಮೊಲಕ್ಕೆ. ಬಟ್ಟಲು ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮದು ಬನಹಟ್ಟಿಯಲ್ಲಿ ಮಗ್ಗದ ಮನೆ. ಮುಂದಿನ ಖೋಲಿಯಲ್ಲಿ ಪವರ್‌ಲೂಮ್‌ಗಳು, ಹಿಂದಿನ ಖೋಲಿಯಲ್ಲಿ ನಾವು, ನಡುವಿನ ಪಡಸಾಲೆಯಲ್ಲಿ ಗುಂಡ್ಯಾ. ಗುಂಡ್ಯಾ ಅಂದರೆ ನನ್ನ ಬಿಳಿ ಮೊಲ. ಎರಡು ವರ್ಷದಿಂದ ಇದ್ದಾನೆ. ಮಗ್ಗದ ಸಪ್ಪಳಕ್ಕೆ ಅವನು ಕಿವಿಯನ್ನೂ ಅಲ್ಲಾಡಿಸುವುದಿಲ್ಲ.

ಆದರೆ ಆ ಗುರುವಾರಕ್ಕೆ ತಿಂಗಳ ಹಿಂದೆ ಒಂದು ದಿನ ಕರೆಂಟ್ ಹೋಗಿತ್ತು. ಮನೆಯೆಲ್ಲ ತಣ್ಣಗೆ, ಸುಮ್ಮನೆ. ಗುಂಡ್ಯಾನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಕರೆಂಟ್ ಬಂತು. ಸ್ವಿಚ್ ಆರಿಸುವುದು ಮರೆತಿದ್ದ ಎರಡು ಮಗ್ಗಗಳು ಒಮ್ಮೆಲೇ ಚಾಲೂ ಆದವು. ಅವನು ಬೆಚ್ಚಿ ಕೈಯಿಂದ ಹಾರಿದ. ಹಿಂಗಾಲು ಅಡ್ಡ ಬಿತ್ತು.

ಮೊಲ ಅಳುವುದನ್ನು ಕೇಳಿದ್ದೀರಾ? ನಾನು ಕೇಳಿರಲಿಲ್ಲ. ಮೊಲಕ್ಕೆ ದನಿ ಇದೆ ಅನ್ನುವುದೇ ಗೊತ್ತಿರಲಿಲ್ಲ. ಒಂದೇ ಸಲ ಕಿರುಚಿದ. ಅಷ್ಟೇ. ಅವ್ವ ಒಳಗಿನಿಂದ ಓಡಿ ಬಂದಳು, ಯಾರದೋ ಕೂಸು ಬಿದ್ದಿದೆ ಅಂದುಕೊಂಡು.

ಜಮಖಂಡಿಗೆ ಒಯ್ದೆವು. ದವಾಖಾನೆಯಲ್ಲಿ ಎಮ್ಮೆ, ಆಡು, ಒಂದು ಮುಧೋಳ ನಾಯಿ ಇದ್ದ ಸಾಲಿನಲ್ಲಿ ನಾವೂ ನಿಂತೆವು. (ನಾಯಿ ಗುಂಡ್ಯಾನನ್ನು ನೋಡಿದ ರೀತಿಯನ್ನು ಬರೆಯುವುದಿಲ್ಲ. ನಾಯಿಯ ಮಾಲೀಕ ಮಾತ್ರ ಭಾಳ ಸಂಕೋಚಪಟ್ಟು ಅದರ ಮುಖವನ್ನು ಗೋಡೆ ಕಡೆ ತಿರುಗಿಸಿ ಹಿಡಿದಿದ್ದ.) ಡಾಕ್ಟರು ಮುಟ್ಟಿ ನೋಡಿ, ಮೊಣಕಾಲಿನ ಕೆಳಗೆ ಎಲುಬು ಮುರಿದಿದೆ ಅಂದರು. ಕಡ್ಡಿ ಇಟ್ಟು ಬ್ಯಾಂಡೇಜ್ ಸುತ್ತಿದರು. ಹಾರಲು ಬಿಡಬಾರದು, ಸಣ್ಣ ಡಬ್ಬಿಯಲ್ಲಿ ಇಡಬೇಕು ಅಂದರು. ಹೊರಡುವಾಗ ಮತ್ತೊಂದು ಮಾತು ಹೇಳಿದರು. ಕಾಲು ಕೂಡುತ್ತದೆ, ಆದರೆ ಇದು ಒಂದು ದಿನ ತಿನ್ನುವುದು ಬಿಟ್ಟರೆ ಕಾಲಿನ ಚಿಂತೆ ಬಿಡಿ, ಜೀವದ ಚಿಂತೆ ಮಾಡಿ.

ಒಂದು ದಿನ? ನಮ್ಮ ಮನೆಯಲ್ಲಿ ಸೋಮವಾರ ಒಬ್ಬರ ಉಪವಾಸ, ಸಂಕಷ್ಟಿಗೆ ಇನ್ನೊಬ್ಬರದು. ಒಂದು ದಿನ ಉಪವಾಸ ಬಿದ್ದರೆ ಹೊಟ್ಟೆಯೇ ನಿಂತುಹೋಗುವ ಪ್ರಾಣಿಯನ್ನು ಎರಡು ವರ್ಷ ಸಾಕಿದ್ದೆ, ಅದರ ಬಗ್ಗೆ ಇಷ್ಟೂ ಗೊತ್ತಿರಲಿಲ್ಲ.

ನನ್ನ ಡೈರಿಯ ಚಟ ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಅವತ್ತಿನಿಂದಲೇ ಬರೆಯತೊಡಗಿದೆ. ಯಾವ ವಾರ, ಏನು ತಿಂದ, ಎಷ್ಟು ತಿಂದ, ಹಿಕ್ಕೆ ಎಷ್ಟು. (ಹೌದು, ಎಣಿಸುತ್ತಿದ್ದೆ. ನನ್ನ ತಮ್ಮ ಅದನ್ನು ನೋಡಿ, "ಅಕ್ಕಾ, ಬ್ಯಾಂಕಿನಾಗ ನೌಕರಿ ಸಿಗಲಿಲ್ಲ ಅಂತ ಇಲ್ಲಿ ಕ್ಯಾಶಿಯರ್ ಆದಿ ನೋಡು" ಅಂದ.) ಪಕ್ಕದ ಸಾಲಿನಲ್ಲಿ ಯಾರು ಯಾರು ನೋಡಲು ಬಂದರು ಅಂತಲೂ ಬರೆದೆ. ಓಣಿಯವರೆಲ್ಲ ಒಮ್ಮೆ ಬಂದರು, ಎಲ್ಲರೂ ಒಂದೊಂದು ಮದ್ದು ಹೇಳಿದರು, ಹೋದರು. ದಿನಾ ಬಿಡದೆ ಬಂದವರು ಸುಮಿತ್ರಾ ಕಾಕು ಒಬ್ಬರೇ. ಗೋಡೆಗೆ ಗೋಡೆ ಹಚ್ಚಿದ ಮನೆ ಅವರದು. ಕರಿಕಿ ಹುಲ್ಲು ತರುತ್ತಿದ್ದರು, ಕೊತ್ತಂಬರಿ ತರುತ್ತಿದ್ದರು. ಡಬ್ಬಿಯ ಪಕ್ಕ ಕುಳಿತು ಅವನ ಕಿವಿಯ ಹಿಂದೆ ಕೆರೆಯುತ್ತಿದ್ದರು. "ತಿಂದಾನ? ಹೆಂಗದಾನ?" ಅಂತ ಕೇಳಿಯೇ ಹೋಗುತ್ತಿದ್ದರು. ಗುಂಡ್ಯಾನ ಮೇಲೆ ನನ್ನಷ್ಟೇ ಜೀವ ಇಟ್ಟವರು ಇವರೇ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಲೆಕ್ಕ ಸರಿಯಾಗಿಯೇ ಇತ್ತಲ್ಲ.

ಆ ಗುರುವಾರ ಬೆಳಗ್ಗೆಯಿಂದ ಗುಂಡ್ಯಾ ಬಾಯಿ ಮುಟ್ಟಿಸಲಿಲ್ಲ. ಹುಲ್ಲು ಹಾಗೇ ಇತ್ತು. ಹಿಕ್ಕೆ ಇಲ್ಲ. ಮೂಲೆಗೆ ಒತ್ತಿಕೊಂಡು ಹಲ್ಲು ಕಡಿಯುತ್ತಿದ್ದ. ನಾನು ಸಿರಿಂಜಿನಲ್ಲಿ ನೀರು ಹಿಡಿದು ಕುಳಿತಿದ್ದೆ. ಆಗ ಕಾಕು ಬಂದರು.

ಕೊತ್ತಂಬರಿಯನ್ನು ಡಬ್ಬಿಯೊಳಗೆ ಇಟ್ಟರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಟ್ಟಲನ್ನು ನನ್ನ ಮುಂದೆ ಇಟ್ಟು, ಸಕ್ಕರೆ ಕಡ ಕೇಳುವ ದನಿಯಲ್ಲಿ ಹೇಳಿದರು.

"ಸವೀ, ತಿಂದರ ತಿನ್ನಲಿ, ನನಗೂ ಸಂತೋಷನ. ತಿನ್ನಲಿಲ್ಲಂದ್ರ ಒಂದೀಟು ರಕ್ತ ಕೊಡು. ನಮ್ಮ ದೀಪಾನ ಕೂದಲಕ್ಕ ಎಣ್ಣಿ ಕಾಸೂದೈತಿ."

ನಿಮ್ಮಲ್ಲಿ ಕೆಲವರಿಗೆ ಇದು ಹೊಸದಲ್ಲ. ಮೊಲದ ರಕ್ತ ಹಾಕಿ ಕಾಸಿದ ಎಣ್ಣೆ ಹಚ್ಚಿದರೆ ಕೂದಲು ದಟ್ಟ ಬೆಳೆಯುತ್ತದೆ ಅನ್ನುವ ನಂಬಿಕೆ. ನಾನೂ ಕೇಳಿದ್ದೆ. ಸಂತೆಯಲ್ಲಿ ಮೊಲದ ಚಿತ್ರ ಅಂಟಿಸಿದ ಬಾಟಲಿಗಳನ್ನೂ ನೋಡಿದ್ದೆ. ಆದರೆ ಆ ಚಿತ್ರದಲ್ಲಿ ಇದ್ದದ್ದು ಯಾರದೋ ಮೊಲ. ಇದು ಗುಂಡ್ಯಾ.

ನಾನು ಅವ್ವನ ಮುಖ ನೋಡಿದೆ. ಅವಳು ಬೈಯುತ್ತಾಳೆ, ಕಾಕುವನ್ನು ಹೊರಗೆ ಹಾಕುತ್ತಾಳೆ ಅಂತ ಕಾದೆ. ಅವ್ವ ಗೋಡೆ ನೋಡುತ್ತಿದ್ದಳು.

"ನಿಮ್ಮ ಅವ್ವಗ ಮೊದಲ ಹೇಳೀನಿ," ಅಂದರು ಕಾಕು.

ಬಟ್ಟಲಿಗಿಂತ ದೊಡ್ಡ ಏಟು ಇದು. ಕಾಲು ಮುರಿದ ಮರುದಿನವೇ ಮಾತಾಗಿತ್ತಂತೆ. ನಾನು ಎಲೆ ಎಣಿಸುತ್ತ ಕುಳಿತಿದ್ದಾಗ, ಅದೇ ಪಡಸಾಲೆಯಲ್ಲಿ, ನನ್ನ ಬೆನ್ನ ಹಿಂದೆ.

"ಸತ್ತರ ಅಂದಿದ್ದೆ," ಅಂದಳು ಅವ್ವ ಮೆಲ್ಲಗೆ. "ಸತ್ತ ಮ್ಯಾಲ ಅದಕ್ಕೇನ ತಿಳೀತೈತಿ?"

"ಸತ್ತ ಮ್ಯಾಲ ಬರಂಗಿಲ್ಲ ಅಕ್ಕಾ," ಅಂದರು ಕಾಕು. "ಜೀವ ಇರೂ ಮುಂದ ತಗೀಬೇಕಂತ."

ಇಬ್ಬರ ದನಿಯಲ್ಲೂ ಕೆಟ್ಟತನ ಇರಲಿಲ್ಲ. ಅದೇ ನನ್ನನ್ನು ನಡುಗಿಸಿದ್ದು. ಹುಣಸೆಹಣ್ಣು ಯಾವಾಗ ನೆನೆ ಹಾಕಬೇಕು ಅಂತ ಮಾತಾಡಿಕೊಂಡ ಹಾಗಿತ್ತು. ದಿನಾ ಕಿವಿಯ ಹಿಂದೆ ಕೆರೆಯುತ್ತಿದ್ದ ಬೆರಳುಗಳೇ ಬಟ್ಟಲು ಹಿಡಿದಿದ್ದವು. ಒಬ್ಬರೇ ಮನುಷ್ಯರಿಗೆ ಎರಡೂ ಹೇಗೆ ಸಾಧ್ಯ?

ಕಾಕುವಿಗೆ ಹೋಗಿರಿ ಅಂದೆ. ನನ್ನ ದನಿ ಮಗ್ಗದ ಸಪ್ಪಳದ ಮೇಲೆ ಕೇಳಿಸಿತಂತೆ, ಅಪ್ಪ ಮಗ್ಗ ನಿಲ್ಲಿಸಿ ಬಂದರು. ಕಾಕು ಬಟ್ಟಲು ತೆಗೆದುಕೊಂಡು ಹೋದರು. ಕೊತ್ತಂಬರಿ ಬಿಟ್ಟು ಹೋದರು.

ಡಾಕ್ಟರಿಗೆ ಫೋನ್ ಮಾಡಿದೆ. ಹೊಟ್ಟೆ ಮೆಲ್ಲಗೆ ತಿಕ್ಕಿ, ಸೊಪ್ಪು ಅರೆದು ಸಿರಿಂಜಿನಲ್ಲಿ ಹನಿ ಹನಿ ಕೊಡಿ ಅಂದರು, ಒಂದು ಔಷಧಿಯ ಹೆಸರನ್ನೂ ಹೇಳಿದರು. ತಮ್ಮ ರಬಕವಿಗೆ ಗಾಡಿ ಓಡಿಸಿ ತಂದ. ಹೊತ್ತು ಮುಳುಗುವಾಗ ಗುಂಡ್ಯಾ ಮೂಗು ಅಲುಗಿಸಿ, ಕಾಕು ಬಿಟ್ಟು ಹೋಗಿದ್ದ ಸೂಡಿನಿಂದಲೇ ಒಂದು ಎಲೆ ಎಳೆದ. ಆಮೇಲೆ ಇನ್ನೊಂದು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಅವಳ ಜೊತೆ ಮಾತಾಡಲಿಲ್ಲ.

ಮರುದಿನ ದೀಪಾ ಬಂದಳು, ತಲೆಗೆ ದುಪಟ್ಟಾ ಸುತ್ತಿಕೊಂಡು. ಕಾಕುವಿನ ಮಗಳು, ನನಗಿಂತ ಚಿಕ್ಕವಳು. ಮಳೆಗಾಲದಲ್ಲಿ ಡೆಂಗಿ ಬಂದು ಎದ್ದ ಮೇಲೆ ಅವಳ ಕೂದಲು ಉದುರುತ್ತಿದ್ದುದು ನನಗೆ ಗೊತ್ತಿತ್ತು. ಇಷ್ಟು ಉದುರಿದೆ ಅಂತ ಗೊತ್ತಿರಲಿಲ್ಲ. ಮುಧೋಳದಿಂದ ಒಂದು ಸಂಬಂಧ ಬಂದಿತ್ತಂತೆ. ಫೋಟೋ ಒಪ್ಪಿದ್ದರು, ಓದು ಒಪ್ಪಿದ್ದರು. ಆಮೇಲೆ ಹುಡುಗನ ತಾಯಿ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. ಫೋಟೋ ಹಳೇದು ಅಂತ ಕೇಳೀವಿ, ಈಗ ಜಡೆ ಎಷ್ಟಿದೆ? ಅವತ್ತಿನಿಂದ ಕಾಕು ಸರಿಯಾಗಿ ಉಂಡಿಲ್ಲವಂತೆ.

"ನನಗ ಆ ಎಣ್ಣಿ ಬ್ಯಾಡ ಅಂತ ಹೇಳೀನಿ ಅಕ್ಕಾ," ಅಂದಳು. "ಹಚ್ಚಿಕೊಂಡು ಇವನ ಮುಂದ ಹೆಂಗ ಕುಂದರ್ಲಿ?"

ಗುಂಡ್ಯಾ ಅವಳ ದುಪಟ್ಟಾದ ಅಂಚು ಜಗಿಯುತ್ತಿದ್ದ.

ಭಾನುವಾರ ಮುಧೋಳದವರು ಹುಡುಗನ ಸಮೇತ ಬಂದರು. ಓಣಿಯಲ್ಲಿ ಹೆಣ್ಣು ನೋಡುವ ಕಾರ್ಯ ಇದ್ದರೆ ಖುರ್ಚಿಗಳು ಹೋಗುವುದು ನಮ್ಮ ಮನೆಯಿಂದ. ಕಾಕುವಿನ ಜೊತೆ ಮಾತು ಬಿಟ್ಟಿದ್ದೆ ಅಂತ ಖುರ್ಚಿ ಕೊಡದೆ ಇರಲಾಗುತ್ತದೆಯೇ? ಕೊಟ್ಟೆ. ಅವಲಕ್ಕಿ ಪ್ಲೇಟು ಹಂಚಲು ನಾನೇ ಹೋದೆ.

ಎಲ್ಲ ಸರಿಯಾಗಿಯೇ ನಡೆಯಿತು. ಎದ್ದು ಹೊರಡುವಾಗ ಹುಡುಗನ ತಾಯಿಗೆ ಸೀರೆ ನೇಯುವುದನ್ನು ನೋಡುವ ಆಸೆಯಾಯಿತು. ಕಾಕು, ದೀಪಾ, ನಾನು ಅವರನ್ನು ನಮ್ಮ ಮನೆಗೆ ಕರೆತಂದೆವು. ಪಡಸಾಲೆಯಲ್ಲಿ ಅವರು ನಿಂತರು. ಡಬ್ಬಿಯೊಳಗೆ ಬಗ್ಗಿ ನೋಡಿದರು. ಬ್ಯಾಂಡೇಜ್ ಕಟ್ಟಿದ ಕಾಲನ್ನೂ ನೋಡಿದರು.

"ಛಲೋ ಮೊಲ ಐತಿ," ಅಂದರು. "ಎಣ್ಣಿ ಮಾಡಾಕ ಸಾಕೀರೇನ್ರಿ? ಹುಡುಗಿಗೆ ಬೇಕಾಗತೈತಲ್ಲ."

ದೀಪಾ ಅಲ್ಲೇ ನಿಂತಿದ್ದಳು. ಅದೇ ದನಿ. ಅದೇ ಸಕ್ಕರೆ ಕಡ ಕೇಳುವ ದನಿ. ಉತ್ತರ ಕೊಟ್ಟವರು ಕಾಕು.

"ಇಲ್ಲರಿ. ಅದು ಇವರ ಮನಿ ಕೂಸು. ಕಾಲ ಮುರದೈತಿ, ಆರೈಕಿ ಮಾಡಾಕತ್ತಾರ."

ಆಮೇಲೆ ದೀಪಾಳ ಕೈ ಹಿಡಿದು ಮನೆಗೆ ಕರೆದೊಯ್ದರು. ಹುಡುಗನ ತಾಯಿಯನ್ನು ಅಲ್ಲೇ ಬಿಟ್ಟು.

ಈ ಮಂಗಳವಾರ ಗುಂಡ್ಯಾನನ್ನು ಮತ್ತೆ ಜಮಖಂಡಿಗೆ ಒಯ್ಯಬೇಕಿತ್ತು. ಬಸ್ ಸ್ಟಾಪಿನಲ್ಲಿ ಕಾಕು ಮೊದಲೇ ನಿಂತಿದ್ದರು. ಜಮಖಂಡಿಯಲ್ಲಿ ಕೆಲಸ ಇದೆ ಅಂದರು. (ದವಾಖಾನೆ ಬಿಟ್ಟು ಅವರು ಎಲ್ಲಿಗೂ ಹೋಗಲಿಲ್ಲ.) ಬುಟ್ಟಿಯನ್ನು ತಾವೇ ತೊಡೆಯ ಮೇಲೆ ಇಟ್ಟುಕೊಂಡರು. ಡಾಕ್ಟರು ಬ್ಯಾಂಡೇಜ್ ಬಿಚ್ಚಿದರು, ಎಲುಬು ಕೂಡಿದೆ ಅಂದರು. ಗುಂಡ್ಯಾ ಟೇಬಲ್ ಮೇಲೆ ಎರಡು ಹೆಜ್ಜೆ ಇಟ್ಟ. ಕುಂಟುತ್ತಾನೆ, ಆದರೆ ಆ ಕಾಲನ್ನು ಊರುತ್ತಾನೆ. ಕಾಕು ಮುಖ ಆಚೆ ತಿರುಗಿಸಿಕೊಂಡು ನಿಂತರು.

ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತು ಬಸ್ಸು ಅಲ್ಲಾಡಲಿಲ್ಲ. ಮುಧೋಳದಿಂದ ಇನ್ನೂ ಫೋನ್ ಬಂದಿಲ್ಲ ಅಂದರು ಕಾಕು. ಬರಲಿ ಅಂತ ಅವರು ಕಾಯುತ್ತಿದ್ದಾರೋ ಇಲ್ಲವೋ, ಮುಖ ನೋಡಿ ಗೊತ್ತಾಗಲಿಲ್ಲ. ಬುಟ್ಟಿಯೊಳಗೆ ಕೈ ಹಾಕಿ ಕಿವಿಯ ಹಿಂದೆ ಕೆರೆಯುತ್ತಿದ್ದರು. ತಟ್ಟನೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಸವೀ, ಎಲ್ಲಾ ಬರದು ಇಡ್ತಿಯಲ್ಲ. ಆ ಹುಡುಗನ ಕೂದಲ ಹೆಂಗಿದ್ದೂವು?"

ಹೇಳಲು ಬಾಯಿ ತೆರೆದೆ. ಎಷ್ಟು ಪ್ಲೇಟು ಅವಲಕ್ಕಿ ಹೋಯಿತು ಗೊತ್ತು. ಯಾರು ಯಾವ ಖುರ್ಚಿಯಲ್ಲಿ ಕುಳಿತಿದ್ದರು ಗೊತ್ತು. ದೀಪಾ ಎಷ್ಟು ಸಲ ತಲೆ ಮುಟ್ಟಿ ನೋಡಿಕೊಂಡಳು ಅನ್ನುವುದೂ ಗೊತ್ತು. ಹುಡುಗನ ತಲೆ ಮಾತ್ರ ನೆನಪಾಗಲಿಲ್ಲ. ಮನೆಗೆ ಬಂದು ಅವ್ವನನ್ನು ಕೇಳಿದೆ, ಅವಳಿಗೂ ನೆನಪಿಲ್ಲ. ಓಣಿಯ ಹೆಂಗಸರನ್ನು ಕೇಳಿದೆ, ಒಬ್ಬರೂ ನೋಡಿಲ್ಲ.

ನಿಮ್ಮ ಓಣಿಗೆ ಬಂದ ವರನ ತಲೆಯನ್ನು ನೀವಾದರೂ ನೋಡಿದ್ದೀರಾ?